ಕಚ್ಚಿದ ಕಡುಬು

ಆ ವರ್ಷ ಭೂಮಿ ಹುಣ್ಣಿಮೆಗೆ ನಾಲ್ಕು ದಿನ ಇರುವಾಗ ಹೆಂಡತಿಯನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆ. ಆರು ತಿಂಗಳ ಬಸುರಿ. ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದವಳಿಗೆ ರಕ್ತ ಕಾಣಿಸಿಕೊಂಡಿತ್ತು. "ಮಲಗಿದಲ್ಲೇ ಇರಬೇಕು. ಮಗು ಉಳಿಯುತ್ತೋ ಇಲ್ವೋ ಈಗಲೇ ಹೇಳಕ್ಕಾಗಲ್ಲ" ಅಂದರು ಡಾಕ್ಟರು. ಹೆಂಗಸರ ವಾರ್ಡಿನಲ್ಲಿ ಗಂಡಸರು ಉಳಿಯುವ ಹಾಗಿಲ್ಲ, ಅತ್ತೆ ಉಳಿದರು. ನರ್ಸು ಅವಳ ಕರಿಮಣಿ ಬಿಚ್ಚಿಸಿ ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟಳು.

"ಗದ್ದೆಗೆ ಬಡಿಸದೆ ಬಿಡಬೇಡಿ" ಅಂದಳು ಹೆಂಡತಿ. "ಅವಳೂ ಬಸುರಿ, ನಾನೂ ಬಸುರಿ."

ಹೊಟ್ಟೆಯೊಳಗೆ ತೆನೆ ತುಂಬಿಕೊಂಡ ಭತ್ತದ ಗದ್ದೆ ನಮಗೆ ಬಸುರಿಯೇ. ಆ ಹುಣ್ಣಿಮೆಗೆ ಅವಳಿಗೆ ಬಯಕೆ ಊಟ. ಹೆಂಗಸರು ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಚಿತ್ರ ಬರೆಯುತ್ತಾರೆ. ಬೆಳಗಿನ ಜಾವ ಅದರಲ್ಲಿ ಅಡುಗೆ ಹೊತ್ತುಕೊಂಡು ಹೋಗಬೇಕು. ಅವಳು ಉಣ್ಣುವ ಮೊದಲು ಯಾರೂ ರುಚಿ ನೋಡುವಂತಿಲ್ಲ.

ನಾಲ್ಕು ವರ್ಷದ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಸೀತೂರಿಗೆ ವಾಪಸು ಬಂದೆ. ಮೇಲಿನ ಮನೆ ದೊಡ್ಡಮ್ಮ ಅಂಗಳದಲ್ಲೇ ಕಾಯುತ್ತಿದ್ದರು.

"ಬುಟ್ಟಿ ಕೊಡೋ, ನಾನೇ ಬರ್ದು ಕೊಡ್ತೀನಿ. ಮಗೂನೂ ಇಲ್ಲೇ ಬಿಡು."

"ಬೇಡ ದೊಡ್ಡಮ್ಮ. ನಮ್ಮನೆ ಬುಟ್ಟಿ ನಾವೇ ಬರೀತೀವಿ."

"ನೀನಾ? ಎಂತ ಬರೀತೀಯ ಮಾರಾಯ, ಟಿಲ್ಲರ್ ಚಕ್ರನಾ?"

ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಸುತ್ತಲ ಗದ್ದೆಗಳಿಗೆ ಟಿಲ್ಲರ್ ಹೊಡೆದು ಮನೆ ನಿಲ್ಲಿಸಿದೆ. ಯಾರ ಹತ್ತಿರವೂ ಎಂತದನ್ನೂ ಕೇಳಿ ಗೊತ್ತಿಲ್ಲ. ಆವತ್ತು ಕೇಳಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೇಳಲಿಲ್ಲ.

ಮಾರನೇ ದಿನ ಜಗುಲಿಯಲ್ಲಿ ಕೂತೆವು. ನಾರಿನ ಕುಂಚ ನನ್ನ ಕೈಯಲ್ಲಿ ನಿಲ್ಲಲೇ ಇಲ್ಲ. ಎಳೆದ ಗೆರೆಯೆಲ್ಲ ಸೊಟ್ಟ.

"ಇದು ಎಂತ ಅಪ್ಪಾ?"

"ಏಣಿ."

"ಬಿದ್ದೋಗಿದೆ. ಅಮ್ಮ ಹಕ್ಕಿ ಬರೀತಾಳೆ."

ಹಕ್ಕಿ ನನಗೆ ಬರಲಿಲ್ಲ. ಕೊನೆಗೆ ಟಿಲ್ಲರ್ ಚಕ್ರವನ್ನೇ ಬರೆದೆ. ಮಗಳು ಹಿಟ್ಟಿನಲ್ಲಿ ಬೆರಳದ್ದಿ ಸುತ್ತಲೂ ಚುಕ್ಕಿ ಇಟ್ಟಳು, ಬುಟ್ಟಿ ಮುಗಿದ ಮೇಲೆ ನನ್ನ ಮೊಣಕಾಲಿಗೂ ಇಟ್ಟಳು.

ಹುಣ್ಣಿಮೆಯ ಹಿಂದಿನ ದಿನ ಸೊಪ್ಪು ಕೊಯ್ಯಲು ಹೋದೆವು. ನೂರೊಂದು ಬಗೆ ಕುಡಿ ಬೇಯಿಸಬೇಕು ಅಂತ ಲೆಕ್ಕ. ಮಳೆ ಕಳೆದ ಬಿಸಿಲು, ಗದ್ದೆಯಂಚಿನ ತುಂಬ ಚಗಟೆ, ಒಂದೆಲಗ, ಕೆಸ, ಹೆಸರು ಗೊತ್ತಿಲ್ಲದ್ದು ಎಷ್ಟೋ. ಮಗಳಿಗೆ ಇಪ್ಪತ್ತರವರೆಗೆ ಮಾತ್ರ ಎಣಿಸಲು ಬರುತ್ತಿತ್ತು. ಇಪ್ಪತ್ತಾದ ಕೂಡಲೇ ಮತ್ತೆ ಒಂದರಿಂದ ಶುರು. ಒಂದೇ ಗಿಡದ ಎಲೆಯನ್ನು ಮೂರು ಸಲ ತಂದು, "ಇದು ಬೇರೆ, ಇದಕ್ಕೆ ತೂತಿದೆ" ಅಂದಳು. ನನಗೆ ಜೋರು ನಗು ಬಂತು. ಜೇಬಿನಲ್ಲಿ ಕರಿಮಣಿ ಪೊಟ್ಟಣ ಇತ್ತು. ಅದರ ಮೇಲೆ ಕೈ ಬಿದ್ದ ಕೂಡಲೇ ನಗು ನಿಂತಿತು. ಅಲ್ಲಿ ಮಲಗಿದವಳು ಸೂರು ನೋಡುತ್ತಿದ್ದಾಳೆ, ಇಲ್ಲಿ ನಾನು ನಗುತ್ತಿದ್ದೇನೆ.

ಹುಣ್ಣಿಮೆ ದಿನ ಕೋಳಿ ಕೂಗುವ ಮೊದಲೇ ಎದ್ದು ಬಾಳೆಲೆಯಲ್ಲಿ ಸೌತೆಕಾಯಿ ಕಡುಬು ಬೇಯಿಸಿದೆ. ಅರ್ಧ ಒಡೆದವು. ಒಳ್ಳೆಯದನ್ನು ಆರಿಸಿ ಬುಟ್ಟಿಗಿಟ್ಟೆ. ಗಡಿಬಿಡಿಯಲ್ಲಿ ಮಗಳಿಗೆ ಒಂದು ಲೋಟ ಹಾಲನ್ನೂ ಕೊಡಲಿಲ್ಲ. ಅದು ನನ್ನ ತಪ್ಪು. ಅವಳು ಜಾಗಟೆ ಬಾರಿಸುತ್ತ ಮುಂದೆ, ಬುಟ್ಟಿ ಹೊತ್ತ ನಾನು ಹಿಂದೆ.

ಗದ್ದೆಯಂಚಿನಲ್ಲಿ ಬುಟ್ಟಿ ಇಳಿಸುವಾಗ ಫೋನು ಬಂತು. ಅತ್ತೆ. "ಮತ್ತೆ ಶುರುವಾಗಿದೆ. ಒಳಗೆ ಕರ್ಕೊಂಡೋದ್ರು. ನೀವು..." ಅಷ್ಟಕ್ಕೇ ಕಟ್ಟಾಯಿತು. ಸಿಗ್ನಲ್ಲಿಗಾಗಿ ಅಂಚಿನುದ್ದಕ್ಕೂ ಓಡಿದೆ. ಸಿಗಲಿಲ್ಲ. ವಾಪಸು ಬಂದು ನೋಡಿದರೆ ಮಗಳ ಕೈಯಲ್ಲಿ ಬುಟ್ಟಿಯ ಕಡುಬು, ಬಾಯಿ ತುಂಬ ಕಡುಬು.

ಹೊಡೆದೆ. ಅಲ್ಲಿಯವರೆಗೆ ಒಂದು ದಿನವೂ ಹೊಡೆದವನಲ್ಲ. "ಅಮ್ಮಂಗೆ ಎಂತಾದ್ರೂ ಆದ್ರೆ ನಿನ್ನಿಂದ್ಲೇ!" ಅಂತ ಕೂಗಿದೆ. ಅವಳು ಅಳಲಿಲ್ಲ. ಬಾಯಲ್ಲಿದ್ದದ್ದನ್ನು ಅಂಗೈಗೆ ಉಗುಳಿ, ಬುಟ್ಟಿಯಲ್ಲಿ ವಾಪಸು ಇಡಲು ನೋಡಿದಳು.

ಕೂಗು ಕೇಳಿ ಪಕ್ಕದ ಗದ್ದೆಯಿಂದ ದೊಡ್ಡಮ್ಮ ಬಂದರು. ಬುಟ್ಟಿ ನೋಡಿದರು, ಮಗುವಿನ ಕೆನ್ನೆ ನೋಡಿದರು.

"ಥೂ ನಿನ್ನ! ಬಸುರಿ ಉಣ್ಣಕ್ಕೆ ಕೂತಾಗ ಪಕ್ಕದಲ್ಲಿರೋ ಮಗು ತಟ್ಟೆಗೆ ಕೈ ಹಾಕದೆ ಇರುತ್ತೇನೋ? ನಿನ್ ಹೆಂಡ್ತಿ ತಟ್ಟೆಗೆ ಇದು ದಿನಾ ಹಾಕಲ್ವಾ? ಭೂಮ್ತಾಯಿಗೆ ಅಷ್ಟೂ ಗೊತ್ತಾಗಲ್ಲ ಅಂದ್ಕಂಡ್ಯಾ?"

ಆ ದಿನ ಮನೆಯೊಡತಿಯ ಒಡವೆಯನ್ನು ಗದ್ದೆಗೆ ತೊಡಿಸುವ ಪದ್ಧತಿ ನಮ್ಮದು. ಪೊಟ್ಟಣ ಬಿಚ್ಚಿ ಕರಿಮಣಿಯನ್ನು ಒಂದು ಭತ್ತದ ಬುಡಕ್ಕೆ ತೊಡಿಸಿದೆ, ಕಡುಬು ಹುಗಿದೆ, ಕಚ್ಚಿದ್ದನ್ನೂ ಜೊತೆಗೆ ಹುಗಿದೆ. ಕೈ ಮುಗಿದು ಕೇಳಿದೆ. ಹುಟ್ಟಿದ ಮೇಲೆ ನಾನು ಬಾಯಿ ಬಿಟ್ಟು ಕೇಳಿದ್ದು ಅದೊಂದೇ.

ಮಧ್ಯಾಹ್ನದ ಹೊತ್ತಿಗೆ ಹೊಟ್ಟೆಯಲ್ಲಿದ್ದ ಮಗು ಹೋಯಿತು. ಹೆಂಡತಿ ಉಳಿದಳು.

ದೀಪಾವಳಿಗೆ ಮುಂಚೆ ಅವಳನ್ನು ಮನೆಗೆ ಕರೆತಂದೆವು. ಅತ್ತೆ ಒಂದು ಸಂಜೆ ಕೇಳಿಯೇ ಬಿಟ್ಟರು, "ಗದ್ದೆಗೆ ಹಾಕಿದ್ದು ಸರಿಯಾಗಿತ್ತಾ? ಎಂಜಲು ಗಿಂಜಲು ಎಂತಾದ್ರೂ ಆಗಿತ್ತಾ?" ಬಾಗಿಲ ಸಂದಿಯಲ್ಲಿ ಮಗಳು ನಿಂತಿದ್ದಳು. ಅವಳ ಕಣ್ಣು ನನ್ನ ಬಾಯಿಯ ಮೇಲಿತ್ತು.

"ಎಂತದೂ ಆಗಿರಲಿಲ್ಲ ಅತ್ತೆ."

ಆ ಮಾತು ಮಗಳಿಗೆ ಸಾಕಾಗಲಿಲ್ಲ. ಗದ್ದೆಯಲ್ಲಿ ನಾನು ಕೂಗಿದ್ದು ಅವಳೊಳಗೆ ಮೊದಲೇ ಕೂತಿತ್ತು. ಆಮೇಲೆ ಅವಳು ಕಡುಬು ತಿಂದಿಲ್ಲ. ಹಬ್ಬವಿಲ್ಲದ ದಿನ ಮಾಡಿದರೂ ತಟ್ಟೆ ಸರಿಸುತ್ತಾಳೆ. ಹೆಂಡತಿಗೆ ಎಲ್ಲ ಹೇಳಿದೆ. "ಮಗೂಗೆ ಹಸಿವಾಗಿತ್ತು, ಅಷ್ಟೇ ಅಲ್ವಾ" ಅಂದಳು.

ಈಗ ಮಗಳಿಗೆ ಆರು ವರ್ಷ. ಈ ವರ್ಷ ತಾಯಿ ಮಗಳು ಸೇರಿ ಬುಟ್ಟಿ ಬರೆದರು, ಹಕ್ಕಿಯ ಪಕ್ಕ ಮಗಳೇ ಒಂದು ಟಿಲ್ಲರ್ ಚಕ್ರ ಬರೆದಳು. ಸೊಪ್ಪನ್ನು ನೂರೊಂದರವರೆಗೂ ಎಣಿಸಿದಳು. ಗದ್ದೆಯಲ್ಲಿ ಬುಟ್ಟಿ ಇಳಿಸಿ, ಬಡಿಸುವ ಮೊದಲು, ಹೋದ ವರ್ಷ ಮಾಡಿದ ಹಾಗೇ ಒಂದು ಕಡುಬು ತೆಗೆದು ಅವಳ ಕಣ್ಣೆದುರಿಗೇ ಕಚ್ಚಿದೆ. ಹೆಂಡತಿ ನನ್ನ ಕೈಯಿಂದ ತೆಗೆದುಕೊಂಡು ತಾನೂ ಕಚ್ಚಿದಳು. ಉಳಿದದ್ದನ್ನು ಮಗಳ ಮುಂದೆ ಹಿಡಿದೆವು.

ಅವಳು ಅಮ್ಮನ ಮುಖ ನೋಡಿದಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೇ ಇದ್ದಳು.