ಶೀಲಾಳ ಹನ್ನೆರಡು ಬಾಟಲಿಗಳು

ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ನನ್ನದು ಖಾಲಿ ಬಾಟಲಿಗಳ ಅಂಗಡಿ. ಜೇನು ಮಾರುವವರು, ಎಣ್ಣೆ ಕಾಯಿಸುವ ನಾಟಿ ವೈದ್ಯರು, ಜಾಮ್ ಮಾಡುವ ಮಹಿಳಾ ಸಂಘದವರು ಬರುತ್ತಿದ್ದರು. ಭದ್ರಾವತಿಯ ಶೀಲಾ ಇವರ ಪೈಕಿಯವಳಲ್ಲ. ಮೊದಲ ಸಲ ಬಂದಾಗಲೇ ಅಗಲ ಬಾಯಿಯ ಬಾಟಲಿಯೊಂದನ್ನು ಬೆಳಕಿಗೆ ಹಿಡಿದು, "ಕುಕ್ಕರಲ್ಲಿ ಇಟ್ರೆ ಮುಚ್ಚಳ ಸೊಟ್ಟ ಆಗಲ್ಲ ತಾನೆ?" ಎಂದಳು.

"ಬಾಟ್ಲಿ ಬೇಯಿಸ್ಕೊಂಡು ತಿಂತೀಯೇನಮ್ಮ?"

"ಇದರೊಳಗೆ ಗಿಡ ಬೆಳೆಸ್ತೀನಿ, ಸಾವ್ಕಾರ್ರೇ."

ವಿಚಿತ್ರ ಗಿರಾಕಿಯನ್ನು ನಾನು ಎಂದೂ ವಾಪಸ್ ಕಳಿಸಿದವನಲ್ಲ.

ಅವಳ ಅಪ್ಪ ರಾಮಯ್ಯ ಕಾರ್ಖಾನೆಯ ಕೆಲಸಗಾರ. ಒಮ್ಮೆ ಅವರ ಕಾಲಿನ ಗಾಯ ಕೀವು ತುಂಬಿ, ಮೂರು ಥರದ ಔಷಧಿಗೂ ಬಗ್ಗಲಿಲ್ಲ. ನಾಲ್ಕನೆಯದಕ್ಕೆ ಮಾಯಿತು. ಅಪ್ಪ ಮರೆತರು. ಮಗಳು ಮಾತ್ರ ನಾಲ್ಕನೆಯದಕ್ಕೂ ಗಾಯದೊಳಗಿನ ಬ್ಯಾಕ್ಟೀರಿಯಾ ಬಗ್ಗದಿದ್ದರೆ ಏನು ಗತಿ ಎಂದು ಯೋಚಿಸುತ್ತ ನಮ್ಮೂರಿನ ಲ್ಯಾಬೊಂದರಲ್ಲಿ ಸಂಶೋಧನೆಗೇ ಸೇರಿಬಿಟ್ಟಳು. ಬಂಡೆ ಸಂದಿಯ ಒಂದು ಬಳ್ಳಿಯ ಎಲೆ ಅರೆದು ತೆಗೆದ ಸಾರವನ್ನು ಗಾಜಿನ ತಟ್ಟೆಗೆ ಹಾಕಿದರೆ ಅದರ ಸುತ್ತ ಆ ಬ್ಯಾಕ್ಟೀರಿಯಾ ಬೆಳೆಯುತ್ತಿರಲಿಲ್ಲವಂತೆ.

"ತಟ್ಟೇಲಿ ಬೆಳೆಯೋದು ನಿಂತಿದೆ ಅಷ್ಟೇ. ಮನುಷ್ಯರ ಮೈಯಲ್ಲಿ ನಿಲ್ಲತ್ತೋ ಇಲ್ವೋ ಗೊತ್ತಿಲ್ಲ" ಎನ್ನುತ್ತಿದ್ದಳು. ಇಷ್ಟು ನಿಜ ಹೇಳಿದರೆ ನಮ್ಮ ಬೀದಿಯಲ್ಲಿ ಮೂರು ದಿನ ಅಂಗಡಿ ನಡೆಯುವುದಿಲ್ಲ.

ಅಷ್ಟರಲ್ಲಿ ಕಲ್ಲುಗಣಿಯವರು ಆ ಬಂಡೆಯನ್ನೇ ಸಿಡಿಸಿದರು. ಬೇರೆಲ್ಲೂ ಅವಳಿಗೆ ಆ ಬಳ್ಳಿ ಸಿಗಲಿಲ್ಲ. ಉಳಿದದ್ದು ಅವಳ ಬಾಟಲಿಗಳಲ್ಲಿ ಮಾತ್ರ. ಉಗುರಿನಷ್ಟು ಚಿಗುರನ್ನು ಸಕ್ಕರೆ, ಲವಣ ಬೆರೆಸಿದ ಗಂಜಿಯಂಥದ್ದರಲ್ಲಿ ಊರಿ, ಒಂದರಿಂದ ನಾಲ್ಕು ಮಾಡುತ್ತಿದ್ದಳು. ಕಣ್ಣಿಗೆ ಕಾಣದ ಬೂಷ್ಟು ಒಳಗೆ ಹೋದರೆ ಎಲ್ಲ ಮುಗಿಯಿತು; ಬಾಟಲಿಗಳನ್ನು ಮೊದಲೇ ಕುಕ್ಕರಿನಲ್ಲಿ ಬೇಯಿಸುತ್ತಿದ್ದುದೂ ಅದನ್ನು ಕೊಲ್ಲಲಿಕ್ಕೇ.

ಎರಡು ಸಾವಿರದ ಒಂದನೇ ಇಸವಿಯ ಆಯುಧ ಪೂಜೆ ಕಳೆದ ಮಂಗಳವಾರ ಅಂಗಡಿಗೆ ಬಂದವಳ ಮುಖ ಸುಣ್ಣದಂತಿತ್ತು. ಹಬ್ಬದಲ್ಲಿ ಅವಳು ಕೆಲಸದ ಮೇಲೆ ಮೈಸೂರಿಗೆ ಹೋಗಿ, ಅವತ್ತು ಬೆಳಿಗ್ಗೆ ನೇರ ಲ್ಯಾಬಿಗೆ ಬಂದಿದ್ದಳು. ಲ್ಯಾಬಿನ ಅಟೆಂಡರ್ ಜಯಪ್ಪ ಭಕ್ತಿಯಿಂದ ಯಂತ್ರಗಳನ್ನೆಲ್ಲ ತೊಳೆದು ಕುಂಕುಮ ಹಚ್ಚಿದ್ದಾನೆ. ಬಾಟಲಿಗಳನ್ನೂ ಬಿಟ್ಟಿಲ್ಲ.

"ನಲವತ್ತಾರು ಮುಚ್ಚಳಾನೂ ತೆಗೆದು, ಒಂದೊಂದು ಸೇವಂತಿಗೆ ಎಸಳು ಹಾಕಿದ್ದಾನೆ ಸಾವ್ಕಾರ್ರೇ! ಯಾಕೋ ಜಯಪ್ಪ ಅಂದ್ರೆ, 'ಯಂತ್ರಕ್ಕೆ ಪೂಜೆ ಆಗಿ ಜೀವ ಇರೋ ಗಿಡಕ್ಕೆ ಬೇಡ್ವಾ ಮೇಡಂ' ಅಂತಾನೆ. ಎಲ್ಲಾ ಹತ್ತಿ ಥರ ಬೂಷ್ಟು."

"ಒಂದೂ ಉಳಿದಿಲ್ವಾ?"

"ಲ್ಯಾಬಲ್ಲಿ ಕರೆಂಟ್ ಕೈ ಕೊಡತ್ತೆ ಅಂತ ಹನ್ನೆರಡನ್ನ ಮನೇಲಿಟ್ಟಿದ್ದೆ. ಆದ್ರೆ ನಮ್ಮಮ್ಮ ಜಯಪ್ಪನಿಗಿಂತ ದೊಡ್ಡ ಭಕ್ತೆ. ಫೋನ್ ಮಾಡೋಕೂ ಧೈರ್ಯ ಬರ್ತಿಲ್ಲ."

ನಾನು ಭದ್ರಾವತಿಯ ಹಳೆನಗರದ ಗುಜರಿ ಅಂಗಡಿಗಳಲ್ಲಿ ಹಳೆ ಬಾಟಲಿ ಎತ್ತುವುದು ಮಂಗಳವಾರವೇ. ಒಟ್ಟಿಗೆ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳು ಸೀರೆ ಸೆರಗಿನ ನೂಲು ಕೀಳುತ್ತಿದ್ದಳು.

ಕಾರ್ಖಾನೆಯ ಕ್ವಾರ್ಟರ್ಸಿನ ಒಳಕೋಣೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಹನ್ನೆರಡೂ ಸಾಲಾಗಿ ಕೂತಿದ್ದವು. ಎಲ್ಲದರ ಹೊಟ್ಟೆಗೂ ಕುಂಕುಮ, ಸುತ್ತ ಒಂದೇ ಒಂದು ಉದ್ದನೆಯ ಹೂವಿನ ಮಾಲೆ. ಶೀಲಾ ಬಾಗಿಲಲ್ಲೇ ನಿಂತುಬಿಟ್ಟಳು.

"ಅಮ್ಮಾ, ಮುಚ್ಚಳ ತೆಗೆದ್ಯಾ?"

ಅವಳ ತಾಯಿ ಪುಷ್ಪಮ್ಮ ಸೌಟು ಹಿಡಿದೇ ಬಂದರು. "ಇಲ್ಲ ಕಣೆ..." ಮಗಳ ಮುಖ ನೋಡಿ ದನಿ ತಗ್ಗಿಸಿದರು. "ಒಂದೇ ಒಂದು ತೆಗೆದಿದ್ದೆ. ಹೂವು ಇಡೋಕೆ ಮುಂಚೆ ಏನಿದೆ ಅಂತ ಮೂಸಿದೆ. ಥೂ, ಸಪ್ಪೆ ವಾಸನೆ! ಇದಕ್ಕೆ ಹೂವು ಬೇರೆ ಕೇಡು ಅಂತ ಮುಚ್ಚಿಟ್ಟೆ. ಬೇರೇದರ ತಂಟೆಗೇ ಹೋಗಲಿಲ್ಲ."

ಶೀಲಾ ಕುಂಕುಮ ಒರೆಸುತ್ತ ಒಂದೊಂದನ್ನೇ ಎತ್ತಿ ನೋಡಿದಳು. ಒಂದರಲ್ಲಿ ಬಿಳಿ ಬೂಷ್ಟು. ಹನ್ನೊಂದರಲ್ಲಿ ತಿಳಿ ತಳ, ಹಸಿರು ಚಿಗುರು. ಎರಡೆರಡು ಸಲ ನೋಡಿ ನೆಲದ ಮೇಲೆ ಕೂತು, ಅತ್ತಳೋ ನಕ್ಕಳೋ ತಿಳಿಯದಂತೆ ಸದ್ದು ಮಾಡಿದಳು.

"ಹನ್ನೊಂದು ಸಾಕಾ?" ಎಂದೆ.

"ಒಂದಿದ್ರೂ ಸಾಕಿತ್ತು."

"ಮತ್ತೆ ಇಷ್ಟೊಂದು ಗಾಬರಿ ಯಾಕೆ ಮಾರಾಯ್ತಿ?" ಎಂದು ಪುಷ್ಪಮ್ಮ ಗದರಿ, ಉಪ್ಪಿಟ್ಟು ತಂದಿಟ್ಟರು. ಶೀಲಾ ಎರಡು ಸಲ ಹಾಕಿಸಿಕೊಂಡು ತಿಂದಳು. ಕೈ ತೊಳೆದು ಬಂದವಳು ಗೋಡೆಗೆ ಒರಗಿದಳು; ನಾನು ಕಾಫಿ ಮುಗಿಸುವಷ್ಟರಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಪುಷ್ಪಮ್ಮ ಸದ್ದಾಗದಂತೆ ಆ ಬೂಷ್ಟು ಹಿಡಿದ ಬಾಟಲಿಯನ್ನು ಎತ್ತಿಕೊಂಡು ಹಿತ್ತಿಲಿಗೆ ನಡೆದರು.