ಸೋಮವಾರದ ಬೀಗರೂಟ

ಮಿರ್ಲೆಯ ತಿಮ್ಮಯ್ಯನ ಹಿರಿಮಗಳು ರೂಪಶ್ರೀ ಹುಣಸೂರಿನ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಮೇಡಂ. ಅವಳ ಸಂಶೋಧನೆಯ ವಿಷಯ ಕೇಳಿದವರು ಸಿಕ್ಕ ಬಸ್ಸು ಹತ್ತಿ ಹೊರಟುಬಿಡುತ್ತಾರೆ. ದಾರಿಯಲ್ಲಿ ಕೆಟ್ಟ ಸಂದೇಶವನ್ನು ಕಂಪ್ಯೂಟರ್ ತಾನೇ ತಿದ್ದಿಕೊಳ್ಳಬೇಕು. ಅದಕ್ಕೆಂದು ಅಂಕಿಗಳನ್ನು ಬಲೆಯಂತೆ ಹೆಣೆದು, ಗಂಟುಗಂಟಿಗೂ ಒಂದು ಕಾವಲು ಇಟ್ಟಿರುತ್ತಾರೆ. ಗಂಟಿನಲ್ಲಿ ಒಂದು ತಪ್ಪಿದ್ದರೆ ಕಾವಲು ಕೂಗುತ್ತದೆ. ಎರಡು ತಪ್ಪು ಸೇರಿದರೆ ಲೆಕ್ಕ ಸರಿಹೋಗಿ ಸುಮ್ಮನಾಗುತ್ತದೆ. ಹೀಗೆ ನಾಲ್ಕಾರು ತಪ್ಪುಗಳು ಸುತ್ತುಗಟ್ಟಿದರೆ ಒಂದಕ್ಕೊಂದು ಸಾಕ್ಷಿ ಹೇಳಿಕೊಂಡು ಕೂತುಬಿಡುತ್ತವೆ, ಪಕ್ಕದ ಸರಿ ಅಂಕಿಯೂ ಕೆಡುತ್ತದೆ. ಬಲೆ ಗಟ್ಟಿಯಾಗಿದ್ದೂ ಯಾಕೆ ಹೀಗೆ ಎಂಬುದರ ತಲೆಬುಡ ಮೇಡಂಗೇ ತಿಳಿದಿರಲಿಲ್ಲ.

ಈ ನಡುವೆ ತಂಗಿ ಅನುಶ್ರೀಯನ್ನು ಹ್ಯಾಂಡ್‌ಪೋಸ್ಟ್ ಎಂಬ ಊರಿನ ಕಡೆಗೆ ಮದುವೆ ಮಾಡಿಕೊಟ್ಟರು. ಗಂಡಿನ ಮನೆಯವರು ಬಂದು ಬೀಗರೂಟಕ್ಕೆ ಬಾಯಿಮಾತಲ್ಲೇ ಕರೆದು ಹೋದಾಗ ಮನೆಯಲ್ಲಿದ್ದದ್ದು ತಿಮ್ಮಯ್ಯ ಒಬ್ಬನೇ.

"ಸೋಮ್ವಾರ ಅಂದ್ರು ಕಣವ್ವ," ಎಂದು ಹಿರಿಮಗಳಿಗೆ ಫೋನಿನಲ್ಲಿ ಹೇಳಿದ.

ಹೆಂಡತಿ ಪುಟ್ಟಮಲ್ಲಮ್ಮ ನಕ್ಕಳು. "ಸೋಮ್ವಾರ ಯಾರಾರಾ ಮರಿ ಕುಯ್ತಾರಾ? ಮಂಗ್ಳವಾರ ಅಂದಿರ್ತಾರೆ ಬುಡಿ." ಸೋಮವಾರ ಮಾಂಸ ಮುಟ್ಟಿದವಳೇ ಅಲ್ಲ ಅವಳು.

ಅವಳು ಓರಗಿತ್ತಿ ಭಾಗ್ಯಳಿಗೆ ಮಂಗಳವಾರವೆಂದೇ ಹೇಳಿದಳು. ಭಾಗ್ಯ ತನ್ನ ಮಗಳು ಪ್ರಿಯಾಗೆ ಹೇಳಿದಳು. ಪ್ರಿಯಾ ಬಂದು "ಮಂಗ್ಳವಾರ ಅಲ್ವಾ ದೊಡ್ಡವ್ವ?" ಎಂದದ್ದೇ, "ನೋಡಿ, ಅವ್ಳೂ ಅದ್ನೇ ಅಂತಾಳೆ" ಎಂದು ಪುಟ್ಟಮಲ್ಲಮ್ಮ ಗಂಡನ ಬಾಯಿ ಮುಚ್ಚಿಸಿದಳು. ಗೊಂದಲಕ್ಕೆ ಬಿದ್ದ ರೂಪಶ್ರೀ ಆ ಮೂವರು ಹೆಂಗಸರಿಗೂ ಫೋನ್ ಮಾಡಿದಳು. ಮೂವರೂ ಮಂಗಳವಾರವೆಂದರು. ಕೊನೆಗೆ ತಿಮ್ಮಯ್ಯನೇ "ನಂಗೇ ಮರ್ತೋಗಿರ್ಬೇಕು" ಎಂದ. ಕರೆದವರನ್ನು ಮತ್ತೆ ಕೇಳಿದರೆ ಕರೆದದ್ದು ಸಾಲದು ಎಂದಂತೆ, ಹೊಸ ಸೊಸೆಯಾದ ಅನುಶ್ರೀಯನ್ನು ಕೇಳಿದರೆ ಅವಳಿಗೆ ಅತ್ತೆಯ ಮುಂದೆ ಮುಜುಗರ. ಹಾಗಾಗಿ ಗೊತ್ತಿದ್ದವರನ್ನು ಯಾರೂ ಕೇಳಲಿಲ್ಲ.

ಸೋಮವಾರ ಮಧ್ಯಾಹ್ನ ಅನುಶ್ರೀಯ ಫೋನು. "ಎಲ್ಲಿದ್ದೀರಕ್ಕಾ? ಎಲೆ ಹಾಕ್ಬುಟ್ಟು ಎಲ್ರೂ ಕಾಯ್ತಾವ್ರೆ!" ಆ ಮನೆಯವರಿಗೆ ಮಾಂಸ ಬಿಡುವ ವಾರ ಶನಿವಾರ.

ಎಲ್ಲರನ್ನೂ ಹತ್ತಿಸಿಕೊಂಡ ವ್ಯಾನು ಬೀಗರ ಮನೆ ಮುಟ್ಟುವ ಹೊತ್ತಿಗೆ ಶಾಮಿಯಾನ ಬಿಚ್ಚುತ್ತಿದ್ದರು. ಅನುಶ್ರೀ ಊಟ ಮಾಡದೆ ಬಾಗಿಲಲ್ಲೇ ನಿಂತಿದ್ದಳು. ಅವಳ ಅತ್ತೆ ಚೆಲುವಮ್ಮ ನೀರು ಕೊಟ್ಟು, "ಸೋಮ್ವಾರ ನಮ್ಮನೇಲಿ ಉಂಡ್ರೆ ಮೈಲಿಗೆ ಅಂತ ಬರ್ನಿಲ್ವೇನೋ ಬುಡಿ" ಎಂದಳು. ಮೂರು ಬಾಯಿಯ ಮಾತೆಂದು ತಾನು ನಂಬಿದ್ದು ಅವ್ವನ ಒಂದೇ ಊಹೆ, ಮೂವರಲ್ಲೂ ಸುತ್ತಿ ಬಂದದ್ದು ಎಂದು ರೂಪಶ್ರೀಗೆ ಆಗ ಹೊಳೆಯಿತು. ದಿನವೂ ಬೋರ್ಡಿನ ಮೇಲೆ ಬರೆಯುವ ಸುತ್ತು ಮನೆಯೊಳಗೆ ಕಾಣಲಿಲ್ಲವಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

"ನೀನಾದ್ರೂ ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?" ಎಂದಳು ತಂಗಿ. ನಡೆದದ್ದನ್ನು ಹೇಳಿದರೆ ಚೆಲುವಮ್ಮ ನಂಬುವುದುಂಟೇ ಎಂದು ರೂಪಶ್ರೀ ಹಿಂಜರಿದಳು.

ಪುಟ್ಟಮಲ್ಲಮ್ಮ ಕಿರಿಮಗಳ ಮುಖವನ್ನೇ ನೋಡುತ್ತಿದ್ದಳು. ಕೈ ತೊಳೆದು ಬಂದು, ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಎಲೆಯ ಮುಂದೆ ಕೂತಳು.

"ಮಾಂಸಾನೇ ಬಡಿಸ್ರವ್ವ," ಎಂದಳು.