ವಿಕ್ಟೋರಿಯಾಬಾಯಿ ಮೊಟಕು ಮಾಡದ ಹೆಸರು

ವಿಕ್ಟೋರಿಯಾಬಾಯಿಯವರ ಬಗ್ಗೆ ಬರೆಯುವ ಮೊದಲು ನನ್ನ ನಾಲಿಗೆಯ ಬಗ್ಗೆ ಹೇಳಬೇಕು. ಅದು ಸಿಟ್ಟಿಗೆ ಮುಂದು, ತಪ್ಪೊಪ್ಪಿಗೆಗೆ ಹಿಂದು.

ತೊಂಬತ್ತೆಂಟರಲ್ಲಿ ಧಾರವಾಡದಲ್ಲಿ ಗಣಿತದ ಪ್ರಬಂಧವನ್ನು ಕಂಪ್ಯೂಟರಿನಲ್ಲಿ ಜೋಡಿಸಬಲ್ಲವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ವಿಕ್ಟೋರಿಯಾಬಾಯಿ ಒಬ್ಬರು. ಅವರ ಅಪ್ಪ ಮಿಶನ್ ಛಾಪಖಾನೆಯಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ಕಟ್ಟಿಟ್ಟ ಪುಟಗಳ ಮೇಲೆ ಸೀಮೆಸುಣ್ಣದಿಂದ ಎರಡೇ ಅಕ್ಷರ, ಒಂದು ಅಂಕಿ ಬರೆದಿಡುತ್ತಿದ್ದರಂತೆ, ಬೇರೆ ಯಾರೇ ಬಂದರೂ ಸಿಗಲಿ ಎಂದು. ಮಗಳೂ ಫೈಲುಗಳಿಗೆ ಅಷ್ಟೇ ಉದ್ದದ ಹೆಸರಿಡುತ್ತಿದ್ದರು.

ನನ್ನ ಪಿಎಚ್.ಡಿ. ಪ್ರಬಂಧವನ್ನು ಅವರಿಗೇ ಕೊಟ್ಟಿದ್ದೆ. ಅದರ ಆರು ಅಧ್ಯಾಯಗಳಿಗೆ ಆ ಚೋಟುದ್ದದ ಹೆಸರು ನನಗೆ ಒಗ್ಗಲಿಲ್ಲ. ಪ್ರಬಂಧ ಮುಗಿಯಲೆಂದು ನಮ್ಮವ್ವ ಸತ್ಯವ್ವ ಮನೆದೇವರು ಮೈಲಾರಲಿಂಗನಿಗೆ ಹರಕೆ ಹೊತ್ತಿದ್ದಳು. ನಮ್ಮ ಮನೆಯಲ್ಲಿ ಕಿರಾಣಿ ಚೀಟಿಯ ಮೇಲೂ ಮೊದಲು ಶ್ರೀ ಬರೆಯಬೇಕು.

"ಎಲ್ಲಾದಕ್ಕೂ ಶ್ರೀಮೈಲಾರಲಿಂಗ ಅಂತ ಇಂಗ್ಲಿಷಿನ್ಯಾಗ ಪೂರ್ತಿ ಹಾಕ್ರಿ, ಮುಂದ ನಂಬರ್ ಹಾಕ್ರಿ," ಎಂದೆ.

"ಭಾಳ ಉದ್ದ ಆಕ್ಕೈತ್ರಿ ಸರ," ಎಂದರು. ನಾನು ಕೇಳಲಿಲ್ಲ. ಅವರು ಹಾಕಿದರು.

ಪ್ರಬಂಧ ಸಲ್ಲಿಸುವ ಕಡೆಯ ದಿನ ಬಂತು. ಸಂಜೆ ಐದು ದಾಟಿದರೆ ನೋಂದಣಿ ರದ್ದು, ಐದು ವರ್ಷದ ದುಡಿಮೆ ನೀರಿನಲ್ಲಿ ಹೋಮ. ಅಂದೇ ಅವರ ಅಂಗಡಿಯ ಪ್ರಿಂಟರ್ ಕೆಟ್ಟಿತು. ಫ್ಲಾಪಿ ಹಿಡಿದು ಇಬ್ಬರೂ ಬಸ್ಸು ಹತ್ತಿ ಹುಬ್ಬಳ್ಳಿಯ ವಿದ್ಯಾನಗರಕ್ಕೆ, ಅವರ ಪರಿಚಯದ ಅಬ್ದುಲಮಜೀದರ ಕಂಪ್ಯೂಟರ್ ಅಂಗಡಿಗೆ ಹೋದೆವು.

ಅಲ್ಲಿದ್ದದ್ದು ಹಳೆಯ ಕಂಪ್ಯೂಟರ್. ಮುಖ್ಯ ಫೈಲು ಪ್ರತಿ ಅಧ್ಯಾಯವನ್ನೂ ಹೆಸರು ಹಿಡಿದು ಕರೆದು ಪುಟ ಜೋಡಿಸಬೇಕು. ಅದು ಮೊದಲನೆಯದಕ್ಕೇ ನಿಂತಿತು, ಅಂಥ ಫೈಲೇ ಇಲ್ಲವೆಂದಿತು. ಫ್ಲಾಪಿ ತೆರೆದರೆ ಆರೂ ಇದ್ದವು, ಆದರೆ ಎಲ್ಲ ಹೆಸರೂ ನಡುವೆಯೇ ತುಂಡಾಗಿ, ಕೊನೆಗೊಂದು ಡೊಂಕು ಗೆರೆ, ಒಂದು ಅಂಕಿ. ಗಂಟೆ ಎರಡೂವರೆ.

"ನಮ್ಮ ದೇವರ ಹೆಸರಂದ್ರ ನಿಮಗ ಆಗಂಗಿಲ್ಲ. ಬೇಕಂತನ ಕತ್ತರಿಸೀರಿ!" ಎಂದು ಕೂಗಿಬಿಟ್ಟೆ.

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಬ್ದುಲಮಜೀದರು ತಲೆ ತಗ್ಗಿಸಿದರು. ವಿಕ್ಟೋರಿಯಾಬಾಯಿ ಪರೀಕ್ಷೆಗೆಂದು ಒಂದೇ ಸಾಲಿನ ಫೈಲು ಮಾಡಿ, ಉದ್ದ ಹೆಸರಿಟ್ಟು ನೋಡಿದರು, ಗಿಡ್ಡ ಹೆಸರಿಟ್ಟು ನೋಡಿದರು.

"ಈ ಮಷೀನಿಗೆ ಎಂಟ ಇಂಗ್ಲಿಷ್ ಅಕ್ಷರದಕಿಂತ ಉದ್ದಾನ ಹೆಸರು ತಿಳಿಯಂಗಿಲ್ರಿ," ಎಂದರು. "ಅದs ಮೊಟಕ ಮಾಡಿ ತೋರಸಾಕತ್ತೈತಿ. ಮುಖ್ಯ ಫೈಲಿನ್ಯಾಗ ಪೂರ್ತಿ ಹೆಸರೈತಿ, ಅದಕ್ಕ ಎರಡೂ ಕೂಡವಲ್ವು. ಎಲ್ಲಾ ಕಡೆ ಸಣ್ಣ ಹೆಸರು ಮಾಡಬೇಕು."

ಅಷ್ಟು ಹೇಳಿ ಕೀಬೋರ್ಡಿನಿಂದ ಕೈ ತೆಗೆದರು.

"ನೀವs ಅಳಸ್ರಿ. ನಾ ಮುಟ್ಟಿದ್ರ ಮತ್ತ ತಪ್ಪ ತಿಳ್ಕೋತೀರಿ."

ಅವರು ಹೇಳಿಕೊಟ್ಟಂತೆ ಆರು ಸಲ ನಾನೇ ಶ್ರೀಮೈಲಾರಲಿಂಗನನ್ನು ಅಳಿಸಿದೆ. ಪುಟಗಳು ಒಂದರ ಹಿಂದೊಂದು ಬಂದವು. ಧಾರವಾಡದ ಬಸ್ಸಿನಲ್ಲಿ ಅವರು ಮುಂದೆ ಹೆಣ್ಣುಮಕ್ಕಳ ಸೀಟಿನಲ್ಲಿ ಕುಳಿತು ಏನೋ ಬರೆಯುತ್ತಿದ್ದರು. ರಾಯಾಪುರ ದಾಟಿದರೂ ತಿರುಗಿ ನೋಡಲಿಲ್ಲ. ಇಳಿಯುವಾಗ ಫ್ಲಾಪಿಯನ್ನು ಲಕೋಟೆಯಲ್ಲಿಟ್ಟು ಕೊಟ್ಟರು. ಐದಕ್ಕೆ ಹತ್ತು ನಿಮಿಷವಿದ್ದಾಗ ಪ್ರಬಂಧ ಸಲ್ಲಿಸಿದೆ. ಕೃತಜ್ಞತೆಯ ಪುಟದಲ್ಲಿ ಹದಿನಾಲ್ಕು ಹೆಸರುಗಳಿದ್ದವು, ಅವರದಿರಲಿಲ್ಲ.

ಎರಡು ಸಾವಿರದ ಆರರಲ್ಲಿ ಮನೆ ಬದಲಿಸುವಾಗ ಆ ಲಕೋಟೆ ಸಿಕ್ಕಿತು. ನಾನು ಒಮ್ಮೆಯೂ ತೆರೆದಿರಲಿಲ್ಲ. ಫ್ಲಾಪಿಯ ಜೊತೆ ಒಂದು ಚೀಟಿ ಇತ್ತು. ಎಡಕ್ಕೆ ಆರು ಗಿಡ್ಡ ಹೆಸರು, ಬಲಕ್ಕೆ ಆರು ಸಲ ಶ್ರೀಮೈಲಾರಲಿಂಗ, ಒಂದಕ್ಷರವೂ ಬಿಡದೆ, ದುಂಡಗೆ. ಕೆಳಗೆ ಒಂದು ಸಾಲು: "ಹೊಸ ಕಂಪ್ಯೂಟರಿಗೆ ಹಾಕಿದಾಗ ಈ ಹೆಸರುಗಳನ್ನು ಮತ್ತೆ ಇಡಬಹುದು."

ಓದಿ ನಾಚಿಕೆಯಿಂದ ಮಡಿಸಿಟ್ಟುಕೊಂಡೆ. ಅಂದಿನಿಂದ ಆ ಚೀಟಿ ನನ್ನ ಕಿಸೆಯಲ್ಲೇ ಇದೆ.

ಮೊನ್ನೆ ಕಾಯಿಪಲ್ಲೆ ಸಂತೆಯಲ್ಲಿ ವಿಕ್ಟೋರಿಯಾಬಾಯಿ ಎದುರಾದರು. ತಲೆ ಪೂರ್ತಿ ಬೆಳ್ಳಗಾಗಿದೆ.

"ಅರಾಮ ಏನ್ರಿ ಸರ? ಅವ್ವಾರು ಹೆಂಗದಾರ?" ಎಂದರು.

"ಅರಾಮ ಅದಾಳ್ರಿ," ಎಂದೆ. ಕೈ ಕಿಸೆಯ ತನಕ ಹೋಯಿತು. ಆಮೇಲೆ ಬದನೆಕಾಯಿ ಆರಿಸತೊಡಗಿದೆ, ಅವರು ಹೋಗುವ ತನಕ.